ಬಲೆ ತುಂಬಿದರೆ ನೀರಿನಲ್ಲಿ ಮೀನು ತುಂಬಿದೆಯೇ?

ಪ್ರಶ್ನೆ: ನಾ ಕಲಬುರಗಿಯೊಳಗ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದ್ಲಾಕತ್ತೀನ್ರಿ. ಪ್ರಾಜೆಕ್ಟಿಗಿ ಇಲ್ಲಿ ಪ್ಯಾಟಿಗಿ ಬರೋ ಬೂತಾಯಿ ಮೀನ ಅಳದು, ಸಮುದ್ರದಾಗ ಅವು ಎಷ್ಟ ಉಳದಾವ ಅಂತ ಹೇಳ್ಲಿಕ್ಕಿ ಬರ್ತದೇನ್ರಿ? ಇನ್ನೊಂದು ಮಾತು. ನಮ್ಮೂರು ಭಾಲ್ಕಿ ತಾಲ್ಲೂಕಿನಾಗ, ಕಾರಂಜಾ ಡ್ಯಾಮಿನ ದಂಡಿಗಿ. ಅಪ್ಪ, ಕಾಕಾ ಎಲ್ಲಾರೂ ಸೊಸೈಟಿಯಿಂದ ಬಲಿ ಹಾಕ್ತಾರ. ಬ್ಯಾಸಿಗ್ಯಾಗ ಮೀನ ಭಾಳ ಬೀಳ್ತಾವ, ಖರೆ ಕಟ್ಲಾ ವರ್ಷಾ ವರ್ಷಾ ಸಣ್ಣ ಆಗ್ಲಾಕತ್ಯಾವ. ಬೂತಾಯಿಗಿ ಮಾಡೋ ಲೆಕ್ಕ ಇಲ್ಲೀನೂ ನಡೀತದೇನ್ರಿ?

ಉತ್ತರ: ಕಲಬುರಗಿ ಮಾರುಕಟ್ಟೆಯ ಬೂತಾಯಿ ಅಳೆದು ಕಡಲಿನ ಲೆಕ್ಕ ಹೇಳಲಾಗದು. ಕಾರಂಜಾದ ಲೆಕ್ಕವನ್ನು ಮಾತ್ರ ಖಂಡಿತ ಹಾಕಬಹುದು. ಕಡಲಿನಲ್ಲಿ ಯಾರಿಗೂ ಆಗದ ಒಂದೆರಡು ಲೆಕ್ಕಗಳು ಅಲ್ಲಿ ನಿಮ್ಮ ಕೈಗೆ ಸಿಗುತ್ತವೆ. ಬೇಸಿಗೆಯಲ್ಲಿ ಮೀನು ಹೆಚ್ಚು ಬೀಳುತ್ತದೆ ಎಂದು ಬರೆದಿದ್ದೀರಿ. ಬೂತಾಯಿಯ ಸಂಪತ್ತು, ಅಂದರೆ ಕಡಲಿನಲ್ಲಿರುವ ಒಟ್ಟು ಮೀನು, ಅಂದಾಜು ಮಾಡುವವರು ಹೆಚ್ಚಾಗಿ ಎಡವುವುದು ಇಂಥ ಮಾತಿನಲ್ಲೇ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಬೂತಾಯಿ (ಸಾರ್ಡೀನ್) ಗುಂಪು ಕಟ್ಟಿ ಬದುಕುವ ಮೀನು. ಕಡಲಿನಲ್ಲಿ ಹತ್ತು ಗುಂಪು ಇದ್ದದ್ದು ಐದಕ್ಕೆ ಇಳಿದರೂ ಉಳಿದ ಐದು ಗುಂಪುಗಳು ಮೊದಲಿನಷ್ಟೇ ದಟ್ಟವಾಗಿರುತ್ತವೆ. ಪರ್ಸೀನ್ ದೋಣಿಯವರು ಗುಂಪು ಹುಡುಕಿ, ಸುತ್ತ ಬಲೆ ಇಳಿಸಿ, ಚೀಲದ ಬಾಯಿಗೆ ಲಾಡಿ ಎಳೆದಂತೆ ಅಡಿಯ ಹಗ್ಗ ಎಳೆದು ಮುಚ್ಚುತ್ತಾರೆ. ಸಂಪತ್ತು ತುಂಬಿದ್ದಾಗ ಒಂದು ಸಲಕ್ಕೆ ಐದು ಟನ್ ಬೀಳುತ್ತಿದ್ದರೆ, ಅರ್ಧಕ್ಕೆ ಇಳಿದಾಗಲೂ ಐದು ಟನ್ನೇ ಬೀಳಬಹುದು. ಹೆಚ್ಚುವುದು ಗುಂಪು ಸಿಗುವ ತನಕ ಅಲೆದ ಗಂಟೆಗಳು, ಸುಟ್ಟ ಡೀಸೆಲ್. ಆದ್ದರಿಂದ ಬೂತಾಯಿಯ ಮಟ್ಟಿಗೆ ‘ಒಂದು ಬಲೆಗೆ ಎಷ್ಟು ಕಿಲೊ’ ಎಂಬ ಅಂಕಿಯನ್ನು ನಂಬಬಾರದು. ‘ಹುಡುಕಿದ ಒಂದು ಗಂಟೆಗೆ ಎಷ್ಟು ಕಿಲೊ’ ಎಂದು ಬರೆಯಬೇಕು. ಬರಿಗೈಯಲ್ಲಿ ಮರಳಿದ ದಿನಗಳನ್ನೂ ಸೇರಿಸಬೇಕು. ಖಾಲಿ ದಿನ ಬಿಟ್ಟರೆ, ಕಡಲು ಬರಿದಾಗುತ್ತಿದ್ದರೂ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಕಾರಂಜಾದ ಬೇಸಿಗೆಯಲ್ಲೂ ಇದೇ ಆಗುತ್ತದೆ. 7.69 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ಚದುರಿಕೊಂಡಿದ್ದ ಮೀನು ಏಪ್ರಿಲ್, ಮೇ ಹೊತ್ತಿಗೆ ಇಳಿದ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತದೆ. ಅದೇ ಬಲೆಗೆ ಹೆಚ್ಚು ಬೀಳುವುದು ಮೀನು ಹೆಚ್ಚಾದದ್ದಕ್ಕಲ್ಲ, ನೀರು ಕಡಿಮೆಯಾದದ್ದಕ್ಕೆ. ಈ ವರ್ಷದ ಮೇ ತಿಂಗಳನ್ನು ಕಳೆದ ಡಿಸೆಂಬರ್ ಜೊತೆ ಹೋಲಿಸಿದರೆ ಏನೂ ತಿಳಿಯದು. ಮೇ ತಿಂಗಳನ್ನು ಮೇ ಜೊತೆಗೆ, ಅದೂ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ ಇದ್ದ ವರ್ಷಗಳ ನಡುವೆ ಹೋಲಿಸಿ.

ಬೂತಾಯಿ ವಿಷಯದಲ್ಲಿ ಇನ್ನೊಂದು ಸಂಗತಿ ಮನಸ್ಸಿನಲ್ಲಿರಲಿ: ಇದರ ಏರಿಳಿತ ಭಾರೀ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಹಿಡಿದಿದ್ದರು. 2021ರಲ್ಲಿ ಸಿಕ್ಕಿದ್ದು 3,297 ಟನ್. 2023ರಲ್ಲಿ ಮತ್ತೆ 1.38 ಲಕ್ಷ ಟನ್. 1940ರ ದಶಕದ ಆರಂಭದಲ್ಲೂ ಪಶ್ಚಿಮ ಕರಾವಳಿಯಲ್ಲಿ ಬೂತಾಯಿ ತೀರಾ ಇಳಿದಿತ್ತು, ಆಗ ಇಂದಿನಂಥ ಯಂತ್ರದ ದೋಣಿಗಳಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಕರಾವಳಿಯಲ್ಲಿ ಕಡಲ ತಳದ ಕೆಸರಿನ ಪದರಗಳಿಂದ ಅಲ್ಲಿನ ಸಾರ್ಡೀನ್ ಹುರುಪೆಗಳನ್ನು ಎಣಿಸಿ ನೋಡಿದ್ದಾರೆ. ಸುಮಾರು 1,700 ವರ್ಷಗಳ ಆ ದಾಖಲೆಯಲ್ಲಿ, ವ್ಯಾಪಾರಿ ಮೀನುಗಾರಿಕೆ ಶುರುವಾಗುವ ಎಷ್ಟೋ ಮೊದಲಿನಿಂದ, ಸಂಪತ್ತು ಮತ್ತೆ ಮತ್ತೆ ಕುಸಿದು ಎದ್ದಿದೆ. ಮಳೆಗಾಲದ ಗಾಳಿಗೆ ಕಡಲ ತಳದ ತಂಪು ನೀರು ಎಷ್ಟು ಮೇಲೆ ಬಂತು, ಅದರ ಸತ್ವಕ್ಕೆ ಸೂಕ್ಷ್ಮಪಾಚಿ ಎಷ್ಟು ಬೆಳೆಯಿತು, ಮರಿಗಳು ಮೊಟ್ಟೆಯೊಡೆದ ವಾರದಲ್ಲಿ ಆ ಆಹಾರ ಅಲ್ಲಿತ್ತೇ, ಇದರ ಮೇಲೆ ಒಂದು ವರ್ಷದ ಪೀಳಿಗೆಯ ಹಣೆಬರಹ ನಿಂತಿದೆ. ಹಾಗಂತ ಬಲೆಗೆ ಹೊಣೆ ಇಲ್ಲ ಎಂದಲ್ಲ. ಕೆಟ್ಟ ವರ್ಷದಲ್ಲಿ ಉಳಿದ ತಾಯಿಮೀನುಗಳನ್ನೂ ಬಾಚಿದರೆ, ಒಳ್ಳೆಯ ಮಳೆ ಬಂದಾಗ ಮೊಟ್ಟೆ ಇಡಲು ಯಾರೂ ಇರುವುದಿಲ್ಲ.

ಇನ್ನು ಅಂದಾಜಿನ ಕ್ರಮ. ಬೂತಾಯಿಯ ಆಯುಷ್ಯ ಎರಡೂವರೆ, ಮೂರು ವರ್ಷ. ಮೊದಲ ವರ್ಷದಲ್ಲೇ ಸುಮಾರು 15 ಸೆಂ.ಮೀ. ಬೆಳೆದು ಮೊಟ್ಟೆಗೆ ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮೊಟ್ಟೆ ಇಡುವ ಕಾಲ. ಇಷ್ಟು ಬೇಗ ಬೆಳೆದು ಸಾಯುವ ಮೀನಿನ ವಯಸ್ಸನ್ನು ಒಂದೊಂದಾಗಿ ನೋಡುವುದಕ್ಕಿಂತ ಉದ್ದದಿಂದ ಲೆಕ್ಕ ಹಾಕುವುದು ವಾಡಿಕೆ. ಬಂದರಿನಲ್ಲಿ ದಿನಗಳನ್ನೂ ದೋಣಿಗಳನ್ನೂ ಚೀಟಿ ಎತ್ತಿದಂತೆ ಆರಿಸಿ, ಪ್ರತಿ ದೋಣಿಯಿಂದ ಆಯದೆ ಒಂದು ಬುಟ್ಟಿ ತೆಗೆದುಕೊಂಡು ಅಳೆಯುತ್ತಾರೆ. ಒಂದೇ ದೋಣಿಯ 500 ಮೀನಿಗಿಂತ ಹತ್ತು ದೋಣಿಗಳ ತಲಾ 50 ಮೀನು ಮೇಲು. ಏಕೆಂದರೆ ಒಂದು ಗುಂಪಿನಲ್ಲಿರುವವು ಬಹುತೇಕ ಒಂದೇ ಗಾತ್ರದವು, 500 ಅಳೆದರೂ ನೀವು ನೋಡಿದ್ದು ಒಂದೇ ಗುಂಪು. ಅಳೆಯುವ ಹಲಗೆಯ ಮೇಲೆ ಮೀನನ್ನು ಪಕ್ಕಕ್ಕೆ ಮಲಗಿಸಿ, ಬಾಯಿ ಮುಚ್ಚಿ, ಮೂತಿಯನ್ನು ತಡೆಪಟ್ಟಿಗೆ ತಾಗಿಸಿ, ಬಾಲದ ಎರಡೂ ಕವಲನ್ನು ಒಟ್ಟಿಗೆ ಒತ್ತಿ ತುದಿಯವರೆಗೆ ಓದಿ. ಬಾಲ ಮುರಿದದ್ದನ್ನು ಬಿಟ್ಟುಬಿಡಿ, ಅಂದಾಜಿಗೆ ಬರೆಯಬೇಡಿ. ಅರ್ಧ ಸೆಂ.ಮೀ. ಅಂತರದ ಗುಂಪುಗಳಾಗಿ ವಿಂಗಡಿಸಿದರೆ ಸಾಕು.

ಲೆಕ್ಕ ಹೇಗೆ ಸಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಅಂಕಿಗಳು ಕಲಿಕೆಗೆ ಮಾತ್ರ. ಮೀನು ಬೆಳೆಯಬಲ್ಲ ಗರಿಷ್ಠ ಉದ್ದ 22 ಸೆಂ.ಮೀ., ಬೆಳವಣಿಗೆಯ ದರ (ಆ ಗರಿಷ್ಠವನ್ನು ಎಷ್ಟು ಬೇಗ ಸಮೀಪಿಸುತ್ತದೆ ಎಂಬ ಅಂಕಿ) ವರ್ಷಕ್ಕೆ 1 ಎನ್ನಿ. ಬಲೆಗೆ ಪೂರ್ತಿ ಸಿಗಲು ಶುರುವಾಗುವ ಉದ್ದ 14, ಅದಕ್ಕಿಂತ ದೊಡ್ಡ ಮೀನುಗಳ ಸರಾಸರಿ ಉದ್ದ 16.2. ಬೆವರ್ಟನ್, ಹೋಲ್ಟ್ ಎಂಬ ಮೀನುವಿಜ್ಞಾನಿಗಳ ಸೂತ್ರದಂತೆ, ಗರಿಷ್ಠದಿಂದ ಸರಾಸರಿ ಕಳೆದರೆ 5.8, ಸರಾಸರಿಯಿಂದ 14 ಕಳೆದರೆ 2.2. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಬೆಳವಣಿಗೆಯ ದರದಿಂದ ಗುಣಿಸಿದರೆ 2.64. ಇದು ಒಟ್ಟು ಸಾವಿನ ದರ. ಇದರಲ್ಲಿ ರೋಗ, ಬೇಟೆ, ಮುಪ್ಪಿನಿಂದ ಸಾಯುವ ಪಾಲು ಎಷ್ಟೆಂದು ಮೀನುವಿಜ್ಞಾನಿ ಡೇನಿಯಲ್ ಪೌಲಿ 1980ರಲ್ಲಿ ಕೊಟ್ಟ ಸೂತ್ರದಿಂದ ತೆಗೆಯಬಹುದು. ನೀರು 28 ಡಿಗ್ರಿ ಇದ್ದರೆ ಈ ಮೀನಿಗೆ 1.95 ಬರುತ್ತದೆ. ಗುಂಪು ಕಟ್ಟುವ ಮೀನಿಗೆ ಅದನ್ನು 0.8ರಿಂದ ಗುಣಿಸಬೇಕೆಂದು ಪೌಲಿಯವರೇ ಹೇಳಿದ್ದಾರೆ, ಆಗ 1.56. ಉಳಿದ 1.08 ಬಲೆಯ ಪಾಲು. 1.08ನ್ನು 2.64ರಿಂದ ಭಾಗಿಸಿದರೆ, ಒಟ್ಟು ಸಾವಿನಲ್ಲಿ ಬಲೆಯ ಪಾಲು 0.41.

ಇದು 0.5 ದಾಟಬಾರದು ಎಂಬುದು ಹಳೆಯ ಪಾಠ. ಬೂತಾಯಿಯಂಥ ಸಣ್ಣ ಗುಂಪುಮೀನುಗಳಿಗೆ 0.4 ಮಿತಿ ಎಂದು 1992ರಲ್ಲಿ ಪ್ಯಾಟರ್ಸನ್ ತೋರಿಸಿದರು, ಅದನ್ನೇ ಹಿಡಿಯಬೇಕು. ನಮ್ಮ ಉದಾಹರಣೆಯ ಮೀನು ಗೆರೆಯ ಮೇಲೆಯೇ ನಿಂತಿದೆ.

ಈಗ ಈ ಲೆಕ್ಕ ಎಷ್ಟು ನಾಜೂಕು ನೋಡಿ. ಸರಾಸರಿ 16.2ರ ಬದಲು 15.6 ಎಂದು ಬಂದಿದ್ದರೆ ಒಟ್ಟು ಸಾವಿನ ದರ 4.0, ಬಲೆಯ ಪಾಲು 0.61. ಆರು ಮಿ.ಮೀ. ವ್ಯತ್ಯಾಸಕ್ಕೆ ‘ಪರವಾಗಿಲ್ಲ’ ಎಂಬ ತೀರ್ಪು ‘ಕೂಡಲೇ ನಿಲ್ಲಿಸಿ’ ಎಂದಾಗುತ್ತದೆ. 0.8ರಿಂದ ಗುಣಿಸುವುದನ್ನು ಮರೆತರೆ ಪಾಲು 0.26ಕ್ಕೆ ಇಳಿದು, ಇನ್ನಷ್ಟು ಹಿಡಿಯಬಹುದು ಎಂಬ ಸುಳ್ಳು ಧೈರ್ಯ ಹುಟ್ಟುತ್ತದೆ. ಇವೆರಡಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪ್ರತಿ ವರ್ಷ ಹೆಚ್ಚುಕಡಿಮೆ ಅಷ್ಟೇ ಮರಿಗಳು ಸೇರುತ್ತವೆ ಎಂದು ಈ ಸೂತ್ರ ಭಾವಿಸುತ್ತದೆ. ಬೂತಾಯಿಯಲ್ಲಿ ಹಾಗಾಗುವುದೇ ಇಲ್ಲ. ಮರಿಗಳು ಹೇರಳವಾಗಿ ಹುಟ್ಟಿದ ವರ್ಷ ಸಣ್ಣ ಮೀನೇ ತುಂಬಿ ಸರಾಸರಿ ಉದ್ದ ಇಳಿಯುತ್ತದೆ, ಸಂಪತ್ತು ಏರುತ್ತಿರುವಾಗಲೇ ಸೂತ್ರ ಅಪಾಯ ಎನ್ನುತ್ತದೆ. ಮರಿ ಹುಟ್ಟದ ವರ್ಷ ದೊಡ್ಡವೇ ಉಳಿದು ಸರಾಸರಿ ಏರುತ್ತದೆ, ಮನೆ ಮುಳುಗುತ್ತಿರುವಾಗ ಸೂತ್ರ ಕ್ಷೇಮ ಎನ್ನುತ್ತದೆ. ಹಾಗಾಗಿ ಕನಿಷ್ಠ ಐದಾರು ವರ್ಷಗಳ ಉದ್ದದ ದಾಖಲೆ, ಹುಡುಕಿದ ಗಂಟೆಯ ದಾಖಲೆ, ಜೊತೆಗೆ ಮೀನುಗಾರರ ಬಲೆಯನ್ನು ನೆಚ್ಚದ ಒಂದು ಅಳತೆ, ಅಂದರೆ ತೇಲುವ ಮೊಟ್ಟೆಗಳನ್ನು ಸೋಸಿ ಎಣಿಸುವುದು ಅಥವಾ ಹಡಗಿನಿಂದ ಶಬ್ದದ ಅಲೆ ಬಿಟ್ಟು ಗುಂಪುಗಳನ್ನು ಅಳೆಯುವುದು, ಇವು ಒಂದೇ ಮಾತು ಹೇಳಿದಾಗ ಮಾತ್ರ ತೀರ್ಪು ಕೊಡಬೇಕು.

ಕಲಬುರಗಿ ಮಾರುಕಟ್ಟೆಯ ಮೀನು ಯಾಕೆ ಆಗದು ಎಂಬುದು ಈಗ ಸ್ಪಷ್ಟವಾಗಿರಬೇಕು. ಐಸ್ ಪೆಟ್ಟಿಗೆಯಲ್ಲಿ ಇಷ್ಟು ದೂರ ಬರುವುದು ವಿಂಗಡಿಸಿದ ಮಾಲು. ಸಾಗಣೆಯ ಖರ್ಚು ಹೊರುವಷ್ಟು ದೊಡ್ಡವು ಮಾತ್ರ ಬರುತ್ತವೆ, ಸಣ್ಣವು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತವೆ. ಯಾವ ದೋಣಿ, ಯಾವ ದಿನ, ಯಾವ ಕರಾವಳಿ ಎಂಬುದೂ ತಿಳಿಯದು. ಐಸ್‌ನಲ್ಲಿ ಮೀನು ತುಸು ಕುಗ್ಗುತ್ತದೆ ಬೇರೆ, ಆರು ಮಿ.ಮೀ. ಏನು ಮಾಡಬಲ್ಲದು ಎಂದು ಮೇಲೆ ನೋಡಿದೆವು.

ಪ್ರಾಜೆಕ್ಟಿಗೆ ಬೂತಾಯಿಯೇ ಬೇಕೆಂದಿದ್ದರೆ ಪ್ರಶ್ನೆಯನ್ನು ಬದಲಿಸಿ. ಮೊದಲು, ಬೂತಾಯಿ ಎಂದು ಮಾರುವುದರಲ್ಲಿ ನಿಜವಾದ ಎಣ್ಣೆಬೂತಾಯಿ ಎಷ್ಟು, ಬೇರೆ ಸಣ್ಣ ಜಾತಿಗಳೆಷ್ಟು ನೋಡಿ. ಎಣ್ಣೆಬೂತಾಯಿಯ ಮೈ ನೀಳ, ದುಂಡು. ತಲೆಯ ಉದ್ದ, ಬಾಲ ಬಿಟ್ಟು ಅಳೆದ ಮೀನಿನ ಉದ್ದದ ಮೂರನೇ ಒಂದರ ಹತ್ತಿರ. ಕಿವಿರುಮುಚ್ಚಳದ ಹಿಂದಿನ ಅಂಚಿನಲ್ಲಿ ಕಪ್ಪು ಚುಕ್ಕೆ, ಅದರ ಹಿಂದೆ ಮಸುಕಾದ ಹೊಂಬಣ್ಣದ ಕಲೆ. ಅನುಮಾನವಿದ್ದರೆ ಹೊಟ್ಟೆಯ ಈಜುರೆಕ್ಕೆಯನ್ನು ಸೂಜಿಯಿಂದ ಹರಡಿ ಕಡ್ಡಿಗಳನ್ನು ಎಣಿಸಿ: ಇದರಲ್ಲಿ ಒಟ್ಟು ಒಂಬತ್ತು, ನಮ್ಮ ಕಡಲಿನ ಇತರ ಬಹುತೇಕ ಸಣ್ಣ ಬೂತಾಯಿಗಳಲ್ಲಿ ಎಂಟು. ಎರಡನೆಯದಾಗಿ ಹೊಟ್ಟೆ ಸೀಳಿ ಮೊಟ್ಟೆಚೀಲ ತೂಗಿ, ಮೀನಿನ ತೂಕದ ನೂರಕ್ಕೆ ಎಷ್ಟು ಪಾಲು ಎಂದು ತಿಂಗಳು ತಿಂಗಳು ಬರೆಯಿರಿ. ಎಳೆಯ ಮೀನಿನಲ್ಲಿ ಅದು ತೆಳ್ಳನೆಯ ಎರಡು ದಾರ. ಬಲಿತಾಗ ಹೊಟ್ಟೆ ತುಂಬುವ ಹಳದಿ ಚೀಲವಾಗಿ, ಕಾಳುಗಳು ಬರಿಗಣ್ಣಿಗೆ ಕಾಣುತ್ತವೆ. ಮೊಟ್ಟೆ ಇಟ್ಟಾದ ಮೇಲೆ ಜೋತುಬಿದ್ದು ರಕ್ತದ ಬಣ್ಣಕ್ಕೆ ತಿರುಗಿರುತ್ತದೆ. ಇದನ್ನು ಕಲಬುರಗಿಯಲ್ಲೇ ಕುಳಿತು ಪ್ರಾಮಾಣಿಕವಾಗಿ ಮಾಡಬಹುದು.

ನಿರ್ವಹಣೆಯ ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಮೊಟ್ಟೆಯ ಕಾಲದ ಮೊದಲರ್ಧ ಇದರೊಳಗೆ ಬರುತ್ತದೆ. ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಕೇರಳದಲ್ಲಿ ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಉದ್ದದ ನಿಯಮವಿದೆ. ಇದು ಒಳ್ಳೆಯದೇ, ಆದರೆ ಸಾಲದು: 15ಕ್ಕೆ ಬಲಿಯುವ ಮೀನನ್ನು 11ಕ್ಕೆ ಹಿಡಿದರೆ ನಿಯಮ ಮುರಿದಂತಾಗುವುದಿಲ್ಲ, ಆದರೆ ಅದು ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ. ಪರ್ಸೀನ್‌ನಲ್ಲಿ ಬಲೆಯ ಕಣ್ಣು ದೊಡ್ಡದು ಮಾಡಿದರೂ ಒಳಗೆ ಒತ್ತಿಕೊಂಡ ಮರಿಗಳು ಸೋರಿಹೋಗುವುದು ಕಡಿಮೆ, ಹುರುಪೆ ಕಿತ್ತುಹೋದವು ಹೊರಬಿದ್ದರೂ ಬದುಕುವುದು ಕಷ್ಟ. ಮರಿಗಳ ಗುಂಪೆಂದು ತಿಳಿದ ಮೇಲೆ ಬಲೆ ಹಾಕದಿರುವುದೇ ಇಲ್ಲಿ ಕೆಲಸ ಮಾಡುವ ಉಪಾಯ.

ಸಂಪತ್ತು ಇಳಿದಂತೆ ತಾನಾಗಿ ಬಿಗಿಯಾಗುವ ನಿಯಮಕ್ಕೆ ಅಮೆರಿಕದ ಪೆಸಿಫಿಕ್ ಸಾರ್ಡೀನ್ ಒಳ್ಳೆಯ ಮಾದರಿ. ಅಂದಾಜು ಸಂಪತ್ತಿನಿಂದ ಮೊದಲು 1.5 ಲಕ್ಷ ಟನ್ ಕಳೆದು ಬದಿಗಿಡುತ್ತಾರೆ, ಅದು ಬೀಜದ ಕಾಳು, ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಕಡಲ ನೀರಿನ ಉಷ್ಣತೆ ನೋಡಿ ನೂರಕ್ಕೆ 5ರಿಂದ 20 ಪಾಲು. ಮೀನಿನ ಒಂದಂಶ ಮೆಕ್ಸಿಕೊ ಕಡಲಿನಲ್ಲಿರುವುದರಿಂದ ಮತ್ತೆ 0.87ರಿಂದ ಗುಣಿಸುತ್ತಾರೆ. ಸಂಪತ್ತು 5 ಲಕ್ಷ ಟನ್, ಪಾಲು ನೂರಕ್ಕೆ 15 ಎಂದಾದರೆ ಹಿಡಿಯಬಹುದಾದದ್ದು ಸುಮಾರು 45,700 ಟನ್. ಸಂಪತ್ತು 1.5 ಲಕ್ಷಕ್ಕೆ ಇಳಿದರೆ ಸೊನ್ನೆ, ಚರ್ಚೆಯೇ ಇಲ್ಲ. 2015ರಲ್ಲಿ ಹೀಗೆಯೇ ಅಲ್ಲಿನ ಮುಖ್ಯ ಮೀನುಗಾರಿಕೆ ಮುಚ್ಚಿತು. ಇಷ್ಟು ಕಟ್ಟುನಿಟ್ಟಾಗಿದ್ದೂ ಸಂಪತ್ತು ಕುಸಿಯಿತಲ್ಲ ಎಂದು ಕೇಳಬಹುದು. ಕುಸಿತವನ್ನು ನಿಯಮ ತಡೆಯಲಾರದು, ಕುಸಿದ ಮೇಲೆ ಉಳಿದದ್ದನ್ನು ಕಾಯಬಲ್ಲದು.

ಈಗ ನಿಮ್ಮೂರಿನ ನೀರಿಗೆ ಬರೋಣ. ಕಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಅವಕ್ಕೆ ಹೊಸ ನೆರೆಯ ಹರಿವು ಬೇಕು. ಆದ್ದರಿಂದ ಕಾರಂಜಾದ ಕಟ್ಲಾ ಬಹುಮಟ್ಟಿಗೆ ನೀವು ಬಿಟ್ಟ ಮರಿಯೇ. ಕಡಲಿನಲ್ಲಿ ಯಾರಿಗೂ ತಿಳಿಯದ ಎರಡು ಅಂಕಿ, ಎಷ್ಟು ಮರಿ ಸೇರಿದವು ಮತ್ತು ಯಾವ ತಾರೀಕಿಗೆ, ನಿಮ್ಮ ಸೊಸೈಟಿಯ ಪುಸ್ತಕದಲ್ಲೇ ಇರುತ್ತವೆ.

ಕಟ್ಲಾ ಸಣ್ಣದಾಗಲು ಕಾರಣ ಎರಡರಲ್ಲಿ ಒಂದು, ಮದ್ದು ಒಂದಕ್ಕೊಂದು ತಿರುಗುಮುರುಗು. ಬಲೆಗೆ ಬಿದ್ದ ಸಣ್ಣ ಕಟ್ಲಾವನ್ನು ಕೈಯಲ್ಲಿ ಹಿಡಿದು ನೋಡಿ. ಬೆನ್ನು ಉಬ್ಬಿ, ಹೊಟ್ಟೆ ತುಂಬಿ, ತಲೆ ಮೈಗೆ ಒಪ್ಪುವಂತಿದ್ದರೆ ಅದು ಎಳೆಯ ಮೀನು, ಬೆಳೆಯುವ ಮೊದಲೇ ಹಿಡಿದಿದ್ದೀರಿ. ತಲೆ ದೊಡ್ಡದಾಗಿ, ಬೆನ್ನು ಚಪ್ಪಟೆಯಾಗಿ, ಮೈ ಬಡಕಲಾಗಿದ್ದರೆ ಅದು ವಯಸ್ಸಾದ, ಹಸಿದ ಮೀನು: ಮರಿ ಅತಿಯಾಗಿ ಬಿಟ್ಟಿದ್ದೀರಿ, ಇಲ್ಲವೇ ಜಿಲೇಬಿ ಮೀನು (ತಿಲಾಪಿಯ) ಹಬ್ಬಿ ಆಹಾರಕ್ಕೆ ಪೈಪೋಟಿ ಬಿದ್ದಿದೆ. ಮೊದಲನೆಯದಕ್ಕೆ ಬಲೆಯ ಕಣ್ಣು ದೊಡ್ಡದಾಗಬೇಕು. ಎರಡನೆಯದಕ್ಕೆ ಕಣ್ಣು ದೊಡ್ಡದು ಮಾಡಿದರೆ ಕೇಡು ಇನ್ನೂ ಹೆಚ್ಚು, ಅಲ್ಲಿ ಮರಿ ಕಡಿಮೆ ಬಿಟ್ಟು ಜಿಲೇಬಿಯನ್ನು ಹೆಚ್ಚು ಹಿಡಿಯಬೇಕು. ಲೆಕ್ಕದಲ್ಲೂ ನೋಡಿ: ಅರ್ಧ ಕೆ.ಜಿ.ಯ 1,000 ಮೀನು ಇಂದು ಹಿಡಿದರೆ 500 ಕೆ.ಜಿ. ಆರು ತಿಂಗಳು ಬಿಟ್ಟು, ಐದರಲ್ಲೊಂದು ಸತ್ತು, ಉಳಿದವು 1.2 ಕೆ.ಜಿ. ಆದರೆ 960 ಕೆ.ಜಿ. ಆದರೆ ಹಸಿವಿನಿಂದ 600 ಗ್ರಾಂ ಮಾತ್ರ ಆದರೆ 480, ಕಾದದ್ದು ನಷ್ಟ.

ಯಾವ ಬಲೆ ಯಾವ ಗಾತ್ರ ಹಿಡಿಯುತ್ತದೆ ಎಂಬುದನ್ನು ಊಹಿಸಬೇಡಿ. ಕಣ್ಣಿನ ಸುತ್ತಳತೆಗಿಂತ ಮೀನಿನ ಮೈಸುತ್ತಳತೆ ತುಸು ಹೆಚ್ಚಿದ್ದಾಗ ಅದು ಸಿಕ್ಕಿಕೊಳ್ಳುತ್ತದೆ, ಸಣ್ಣದು ತೂರಿಹೋಗುತ್ತದೆ, ತೀರಾ ದೊಡ್ಡದು ಮೂತಿ ತಾಗಿಸಿ ಹಿಂದಕ್ಕೆ ಸರಿಯುತ್ತದೆ. ಪ್ರತಿ ಬಗೆಯ ಬಲೆಯ ಕಣ್ಣನ್ನು ಎಳೆದು ಹಿಡಿದು ಗಂಟಿನಿಂದ ಗಂಟಿಗೆ ಅಳೆದು, ಅದಕ್ಕೆ ಬಿದ್ದ 50 ಕಟ್ಲಾಗಳ ಉದ್ದ ಬರೆಯಿರಿ. ಎರಡು ವಾರದಲ್ಲಿ ನಿಮ್ಮ ನೀರಿಗೇ ಹೊಂದುವ ಪಟ್ಟಿ ಸಿದ್ಧ. ದಿನದ ಪುಸ್ತಕದಲ್ಲಿ ತಾರೀಕು, ನೀರಿನ ಮಟ್ಟ, ಕಣ್ಣಿನ ಅಳತೆ, ಬಲೆಯ ಉದ್ದ, ಎಷ್ಟು ರಾತ್ರಿ, ಜಾತಿವಾರು ತೂಕ ಮತ್ತು ಸಂಖ್ಯೆ ಇರಲಿ. ‘ನೂರು ಮೀಟರ್ ಬಲೆಗೆ ಒಂದು ರಾತ್ರಿಗೆ ಎಷ್ಟು ಕೆ.ಜಿ.’ ಎಂಬುದು ಇದರಿಂದ ತಾನಾಗಿ ಬರುತ್ತದೆ. ಕಾಕಾ ಮನೆಗೆ ಒಯ್ದ ಎರಡು ಮೀನೂ ಪುಸ್ತಕಕ್ಕೆ ಬರಬೇಕು.

ಎಷ್ಟು ಮೀನು ಇವೆ ಎಂದು ನೇರವಾಗಿ ತಿಳಿಯಲು ಗುರುತು ಮಾಡಿ ಬಿಡುವ ವಿಧಾನವಿದೆ. ಬೂತಾಯಿ ಕೈ ತಾಗಿದರೆ ಹುರುಪೆ ಉದುರಿ ಸಾಯುತ್ತದೆ, ಕಟ್ಲಾ ತಡೆಯುತ್ತದೆ. ಕಿವಿರಿಗೆ ಬಲೆ ಸಿಕ್ಕಿದ ಮೀನು ಬೇಡ, ಬೀಸುಬಲೆಯಲ್ಲಿ ಹಿಡಿದವನ್ನು ಮಾತ್ರ ಬಳಸಿ. ಎಡಗಡೆಯ ಹೊಟ್ಟೆರೆಕ್ಕೆಯನ್ನು ಬುಡದಿಂದ ಕತ್ತರಿಸಿ. ಅರ್ಧ ಕತ್ತರಿಸಿದರೆ ಮತ್ತೆ ಬೆಳೆದು ಗುರುತು ಅಳಿಸಿಹೋಗುತ್ತದೆ. ಬೆಳಗಿನ ತಂಪಿನಲ್ಲಿ, ಒಂದೇ ಜಾಗದಲ್ಲಲ್ಲದೆ ಜಲಾಶಯದ ನಾಲ್ಕೈದು ಕಡೆ ಬಿಡಿ. ಒಂದೆರಡು ವಾರ ಬೆರೆಯಲು ಬಿಟ್ಟು ಸೊಸೈಟಿಯ ಎಲ್ಲರ ಮೀನನ್ನೂ ನೋಡಿ. 600 ಗುರುತು ಮಾಡಿ, ಆಮೇಲೆ ನೋಡಿದ 900ರಲ್ಲಿ 18 ಗುರುತಿನವು ಸಿಕ್ಕರೆ, 601ನ್ನು 901ರಿಂದ ಗುಣಿಸಿ 19ರಿಂದ ಭಾಗಿಸಿ ಒಂದು ಕಳೆಯಿರಿ: ಸುಮಾರು 28,500 ಮೀನು. ಸಿಕ್ಕ ಗುರುತನ್ನು ಯಾರಾದರೂ ಹೇಳದೆ ಬಿಟ್ಟರೆ ಮೀನು ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಆದ್ದರಿಂದ ಹೇಳಿದವರಿಗೆ ಒಂದು ಸಣ್ಣ ಬಹುಮಾನ ಇಡಿ.

ಮರಿಗಳ ಲೆಕ್ಕಕ್ಕೂ ಒಂದು ಮಾತು. 1,000 ಹೆಕ್ಟೇರ್ ನೀರಿನಿಂದ ಹೆಕ್ಟೇರಿಗೆ 60 ಕೆ.ಜಿ. ಬೇಕು, ಹಿಡಿಯುವಾಗ ಮೀನು 1 ಕೆ.ಜಿ. ಇರಬೇಕು, ನೂರಕ್ಕೆ 30 ಬದುಕುತ್ತವೆ ಎಂದಾದರೆ 2 ಲಕ್ಷ ಮರಿ ಸಾಕು. ಆದರೆ ಆ 30 ಬದುಕಬೇಕಾದರೆ ಮರಿ 8ರಿಂದ 10 ಸೆಂ.ಮೀ. ಇರಬೇಕು. ಬೆರಳ ತುದಿಯಷ್ಟರದ್ದು ಅಗ್ಗಕ್ಕೆ ಸಿಕ್ಕಿತೆಂದು ಐದು ಲಕ್ಷ ಬಿಟ್ಟರೂ ಹೆಚ್ಚಿನಂಶ ಬಾಳೆಮೀನು, ಕೊರವಗಳ ಪಾಲು. ಗೇಟು ತೆರೆಯುವ ಮೊದಲು ಬಿಟ್ಟರೆ ಅವು ಮಾಂಜ್ರಾ ನದಿಗೆ ಇಳಿದುಹೋಗುತ್ತವೆ. ಮಳೆಗಾಲದ ಹೆಚ್ಚುವರಿ ನೀರು ಹರಿದು ಗೇಟು ಮುಚ್ಚಿದ ಮೇಲೆ, ಕಟ್ಟೆಯಿಂದ ದೂರ, ಹಳ್ಳ ಬಂದು ಸೇರುವ ಕಡೆ ಬಿಡಿ. ಈ ಸಲ ಬಿಡುವ ಮರಿಗಳಲ್ಲಿ ಒಂದು ಸಾವಿರದ ಬಲಗಡೆಯ ಹೊಟ್ಟೆರೆಕ್ಕೆ ಕತ್ತರಿಸಿ ತಾರೀಕು ಬರೆದಿಟ್ಟರೆ, ಮುಂದಿನ ಬೇಸಿಗೆಯಲ್ಲಿ ಅಪ್ಪನ ಬಲೆಗೆ ಬಿದ್ದ ಸಣ್ಣ ಕಟ್ಲಾ ಎಷ್ಟು ತಿಂಗಳಿನದು ಎಂದು ರೆಕ್ಕೆ ನೋಡಿಯೇ ಹೇಳಬಹುದು.